ಡಿವೈಡಿಂಗ್ ಮೆಸ್ ಇರುವ ಹಾಸ್ಟೆಲ್: ಸೇರುವ ಮೊದಲು ನೋಡಬೇಕಾದ್ದು

ಕರ್ನಾಟಕದ ವಿಶ್ವವಿದ್ಯಾನಿಲಯಗಳ ಸ್ನಾತಕೋತ್ತರ (ಪಿ.ಜಿ.) ಹಾಸ್ಟೆಲುಗಳಲ್ಲಿ ಮೆಸ್ ನಡೆಯುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಒಂದು ಗುತ್ತಿಗೆ ಮೆಸ್: ಟೆಂಡರ್ ಹಿಡಿದವನು ಅಡುಗೆ ಮಾಡಿಸಿ ಬಡಿಸುತ್ತಾನೆ, ತಿಂಗಳಿಗೆ ಇಷ್ಟು ಎಂದು ಕಟ್ಟಿದರೆ ಮುಗಿಯಿತು. ಇನ್ನೊಂದು ಡಿವೈಡಿಂಗ್ ಮೆಸ್: ದಿನಸಿ ತರುವುದರಿಂದ ಲೆಕ್ಕ ಬರೆಯುವವರೆಗೆ ವಿದ್ಯಾರ್ಥಿಗಳದ್ದೇ ಉಸ್ತುವಾರಿ. ತಿಂಗಳ ಕೊನೆಗೆ ಆದ ಖರ್ಚನ್ನು ಉಂಡವರೆಲ್ಲ ಹಂಚಿಕೊಳ್ಳುತ್ತಾರೆ. ಹಾಸ್ಟೆಲ್ ಸೇರುವವರು ಕೋಣೆ ಹೇಗಿದೆ, ವೈಫೈ ಬರುತ್ತದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಮೆಸ್ ಯಾವ ಬಗೆಯದು ಎಂದು ಕೇಳುವವರು ಕಡಿಮೆ. ಮೊದಲು ಕೇಳಬೇಕಾದ್ದು ಅದನ್ನೇ. ಹಾಸ್ಟೆಲಿನಲ್ಲಿ ಹಬ್ಬ ಆಗುತ್ತದೋ ಇಲ್ಲವೋ, ಜೂನಿಯರ್‌ಗಳಿಗೆ ಸೀನಿಯರ್‌ಗಳ ಪರಿಚಯ ಆಗುತ್ತದೋ ಇಲ್ಲವೋ, ಜ್ವರ ಬಂದು ಮಲಗಿದವರ ಕೋಣೆಗೆ ಗಂಜಿ ಹೋಗುತ್ತದೋ ಇಲ್ಲವೋ, ಇವೆಲ್ಲ ನಿಂತಿರುವುದು ಸ್ಟೋರ್ ರೂಮಿನ ಬೀಗದ ಕೈ ಯಾರ ಹತ್ತಿರ ಇದೆ ಎನ್ನುವುದರ ಮೇಲೆ.

ಈ ವಿಮರ್ಶೆ ಎರಡನೆಯ ಬಗೆಯದರ ಬಗ್ಗೆ. ಅಂಕ ಕೊಡುವುದಾದರೆ, ಸರಿಯಾಗಿ ನಡೆದರೆ ಐದಕ್ಕೆ ನಾಲ್ಕೂವರೆ, ಕೆಟ್ಟರೆ ಒಂದೂವರೆ. ನಡುವಿನ ಅಂಕ ಈ ವ್ಯವಸ್ಥೆಗೆ ಹೊಂದುವುದಿಲ್ಲ.

ಬಿಲ್ಲಿನಿಂದಲೇ ಶುರು ಮಾಡೋಣ, ಜಗಳಗಳೂ ಅಲ್ಲಿಂದಲೇ ಶುರುವಾಗುವುದು. ತಿಂಗಳ ಮೊದಲ ದಿನ ಸ್ಟೋರಿನಲ್ಲಿದ್ದ ಸಾಮಾನಿನ ಬೆಲೆಗೆ ಆ ತಿಂಗಳ ಖರೀದಿ, ಗ್ಯಾಸು, ಹಾಲು, ತರಕಾರಿ ಕೂಡಿಸಬೇಕು. ಕೊನೆಯ ದಿನ ಉಳಿದ ಸಾಮಾನಿನ ಬೆಲೆ ಕಳೆಯಬೇಕು. ಗೆಸ್ಟ್ ಕೂಪನ್‌ನಿಂದ, ಅಂದರೆ ಹೊರಗಿನವರು ಊಟಕ್ಕೆ ಕೊಳ್ಳುವ ಚೀಟಿಯಿಂದ, ಬಂದ ಹಣವನ್ನೂ ಕಳೆಯಬೇಕು. ಬಂದದ್ದನ್ನು ಒಟ್ಟು ಹಾಜರಿ ದಿನಗಳಿಂದ ಭಾಗಿಸಿದರೆ ಒಂದು ದಿನದ ದರ. ಉದಾಹರಣೆಗೆ 120 ಮಂದಿಯ ಹಾಸ್ಟೆಲ್, ತಿಂಗಳಲ್ಲಿ ಎಲ್ಲರ ಹಾಜರಿ ಸೇರಿ 3,200 ದಿನ ಎಂದುಕೊಳ್ಳಿ. ಆರಂಭದ ಸ್ಟಾಕ್ 42,000, ಖರೀದಿ 2,96,000, ಗ್ಯಾಸು 30,000, ಉಳಿದ ಸ್ಟಾಕ್ 36,000, ಗೆಸ್ಟ್ ಹಣ 12,000. ಕೂಡಿ ಕಳೆದರೆ 3,20,000. ದಿನಕ್ಕೆ ನೂರು ರೂಪಾಯಿ. 26 ದಿನ ಉಂಡವರು 2,600 ಕಟ್ಟುತ್ತಾರೆ. ಅಡುಗೆಯವರ ಸಂಬಳ, ಪಾತ್ರೆ ರಿಪೇರಿ, ಕರೆಂಟು ಇವನ್ನು ಕೆಲವೆಡೆ ಬೇರೆ ಶುಲ್ಕವಾಗಿ ತೆಗೆದುಕೊಳ್ಳುತ್ತಾರೆ, ಕೆಲವೆಡೆ ಇದರಲ್ಲೇ ಸೇರಿಸುತ್ತಾರೆ. ಯಾವುದು ಎಂದು ಕೇಳದೆ ಎರಡು ಹಾಸ್ಟೆಲುಗಳ ದರ ಹೋಲಿಸಿದರೆ ಆ ಹೋಲಿಕೆಗೆ ಅರ್ಥವಿಲ್ಲ.

ಲೆಕ್ಕ ಸುಲಭ. ಕೆಡುವುದು ಮೂರು ಕಡೆ. ಮೊದಲನೆಯದು ಉಳಿದ ಸ್ಟಾಕು. ತಿಂಗಳ ಕೊನೆಯ ರಾತ್ರಿ ಅಕ್ಕಿ ಚೀಲ ತೂಗದೆ ‘ಸುಮಾರು ಇಷ್ಟಿರಬಹುದು’ ಎಂದು ಬರೆದರೆ ಸಾಕು. ಅದೇ 120 ಮಂದಿಯ ಮೆಸ್ಸಿನಲ್ಲಿ ಉಳಿಕೆಯನ್ನು 20,000 ಹೆಚ್ಚು ತೋರಿಸಿದರೆ ಆ ತಿಂಗಳ ದರ ಆರೂಕಾಲು ರೂಪಾಯಿ ಇಳಿಯುತ್ತದೆ. ಆ ತಿಂಗಳು ಮೆಸ್ ನಡೆಸಿದ ವಿದ್ಯಾರ್ಥಿಗಳ ಕಮಿಟಿಗೆ ಹೆಸರು ಬರುತ್ತದೆ, ಹೊರೆ ಮುಂದಿನ ತಿಂಗಳ ಕಮಿಟಿಯ ತಲೆಗೆ ಬೀಳುತ್ತದೆ. ಹೀಗಾಗಿ ಸ್ಟಾಕ್ ತೂಗುವಾಗ ಹೋಗುವ ಕಮಿಟಿ, ಬರುವ ಕಮಿಟಿ ಎರಡೂ ಎದುರಿಗಿರಬೇಕು, ಇಬ್ಬರ ಸಹಿಯೂ ಬೀಳಬೇಕು. ಈ ಪದ್ಧತಿ ಇಲ್ಲದ ಹಾಸ್ಟೆಲಿನಲ್ಲಿ ಒಂದು ತಿಂಗಳು 92, ಮರು ತಿಂಗಳು 113 ಎಂದು ದರ ಹಾರಾಡುತ್ತಿರುತ್ತದೆ.

ಎರಡನೆಯದು ಕಾಯಂ ಗೆಸ್ಟುಗಳು. ಕೋರ್ಸು ಮುಗಿದರೂ ಕೆ.ಎ.ಎಸ್., ಪಿ.ಎಸ್.ಐ., ನೆಟ್ ಪರೀಕ್ಷೆ ಅಂತ ಗೆಳೆಯನ ಕೋಣೆಯಲ್ಲೇ ಉಳಿದವರು ಹುಡುಗರ ಹಾಸ್ಟೆಲುಗಳಲ್ಲೆಲ್ಲ ಇದ್ದಾರೆ. ಅವರ ಕಷ್ಟ ನಿಜ. ಪೇಟೆಯಲ್ಲಿ ರೂಮು ಹಿಡಿಯಲು ದುಡ್ಡಿಲ್ಲ. ಆದರೆ ದಿನಕ್ಕೆ ಹತ್ತು ಊಟ ಕೂಪನ್ ಇಲ್ಲದೆ ಹೋದರೆ ತಿಂಗಳಿಗೆ ಮುನ್ನೂರು ಊಟ. ಊಟಕ್ಕೆ ನಲವತ್ತು ಎಂದರೂ 12,000, ಅಂದರೆ ತಲೆಗೆ ನೂರು ರೂಪಾಯಿ. ಸಾಲ ಮಾಡಿ ಓದುವ ಹುಡುಗನ ಬಿಲ್ಲಿಗೂ ಆ ನೂರು ಸೇರುತ್ತದೆ. ಒಳ್ಳೆಯ ಕಮಿಟಿಗಳು ಇವರನ್ನು ಓಡಿಸುವುದಿಲ್ಲ, ಕೂಪನ್ ಕೊಂಡು ಉಣ್ಣಿ ಎನ್ನುತ್ತವೆ. ಹೇಳುವವರು ಜೂನಿಯರ್‌ಗಳು, ಹೇಳಿಸಿಕೊಳ್ಳಬೇಕಾದವರು ನಾಲ್ಕು ವರ್ಷ ಹಿರಿಯ ಅಣ್ಣಂದಿರು ಎನ್ನುವುದೇ ತೊಡಕು. ಊಟದ ಕೋಣೆಯ ಬಾಗಿಲಲ್ಲಿ ಕೂಪನ್ ತೆಗೆದುಕೊಳ್ಳಲು ವಿದ್ಯಾರ್ಥಿಯ ಬದಲು ಸಿಬ್ಬಂದಿಯೊಬ್ಬರನ್ನು ಕೂರಿಸಿದ ಕಡೆ ಈ ಸಂಕೋಚ ಅರ್ಧ ಕರಗಿದೆ.

ಮೂರನೆಯದು ರಜೆ ಕಡಿತ, ಅಂದರೆ ಊರಿಗೆ ಹೋದ ದಿನಗಳನ್ನು ಬಿಲ್ಲಿನಿಂದ ಬಿಡುವುದು. ಊರಿಗೆ ಹೋಗುವವರು ಹಿಂದಿನ ದಿನವೇ ರಿಜಿಸ್ಟರಿನಲ್ಲಿ ಬರೆಯಬೇಕು, ಕನಿಷ್ಠ ಮೂರೋ ನಾಲ್ಕೋ ದಿನ ಸತತವಾಗಿ ಇಲ್ಲದಿದ್ದರೆ ಮಾತ್ರ ಕಡಿತ ಎಂಬ ನಿಯಮ ಸಾಮಾನ್ಯ. ಶನಿವಾರ, ಭಾನುವಾರಕ್ಕೂ ಕಡಿತ ಬೇಕು ಎಂದು ಪ್ರತಿ ಸಭೆಯಲ್ಲೂ ಯಾರಾದರೂ ಏಳುತ್ತಾರೆ. ಒಪ್ಪಬಾರದು. ವಾರಕ್ಕೊಮ್ಮೆ ಹಾಜರಿ ಅರ್ಧಕ್ಕೆ ಇಳಿದರೂ ಒಲೆ, ಸಿಬ್ಬಂದಿ, ಹಾಲಿನ ಕರಾರು ಅಷ್ಟೇ ಇರುತ್ತವೆ. ಹಾಸ್ಟೆಲಿನಲ್ಲೇ ಉಳಿದವರ ದರ ಏರುತ್ತದೆ. ಉಳಿಯುವವರು ಸಾಮಾನ್ಯವಾಗಿ ದೂರದೂರಿನವರು, ಬಸ್ಸಿಗೆ ದುಡ್ಡಿಲ್ಲದವರು. ಪರೀಕ್ಷೆ ಮುಗಿದ ಮೇಲೆ ಹಾಸ್ಟೆಲು ಖಾಲಿಯಾಗುವ ತಿಂಗಳಲ್ಲಿ ದರ ಜಿಗಿಯುವುದಕ್ಕೂ ಇದೇ ಕಾರಣ. ಆಗ ಎರಡು ಹಾಸ್ಟೆಲುಗಳ ಮೆಸ್ ಒಂದುಗೂಡಿಸುವುದು ವಾರ್ಡನ್ ಮಾಡಬಹುದಾದ ಅತ್ಯಂತ ಉಪಯೋಗದ ಕೆಲಸ.

ಅಡುಗೆಮನೆಗೆ ಬರೋಣ. 120 ಮಂದಿಗೆ ಒಂದು ಹೊತ್ತಿನ ಅನ್ನಕ್ಕೆ 15ರಿಂದ 16 ಕೆ.ಜಿ. ಅಕ್ಕಿ, ಸಾಂಬಾರಿಗೆ 4 ಕೆ.ಜಿ. ತೊಗರಿಬೇಳೆ, 8 ಕೆ.ಜಿ. ತರಕಾರಿ. ಬೇಳೆ ಮೂರಕ್ಕಿಳಿದರೆ ತಟ್ಟೆಯಲ್ಲಿ ಸಾಂಬಾರು ಓಡಾಡುತ್ತದೆ, ಸ್ಟೋರಿನಿಂದ ಕೊಟ್ಟದ್ದನ್ನು ಬರೆದಿಡುವ ಇಂಡೆಂಟ್ ಪುಸ್ತಕ ನೋಡಬೇಕಾದ್ದೇ ಇಲ್ಲ. ಇಡ್ಲಿ ತಲೆಗೆ ನಾಲ್ಕು ಎಂದರೆ 480. ಅಕ್ಕಿ 9 ಕೆ.ಜಿ.ಗೆ ಉದ್ದು 3. ಧಾರವಾಡದ ಡಿಸೆಂಬರ್ ಚಳಿಗೆ ರಾತ್ರಿ ಎಂಟಕ್ಕೆ ರುಬ್ಬಿಟ್ಟ ಹಿಟ್ಟು ಬೆಳಗ್ಗೆ ಆರಕ್ಕೆ ಹುದುಗಿರುವುದಿಲ್ಲ. ಸಂಜೆ ನಾಲ್ಕಕ್ಕೇ ರುಬ್ಬಬೇಕು. ಗ್ರೈಂಡರ್ ಒಂದೇ ಇದ್ದರೆ ರಾತ್ರಿಯ ಚಟ್ನಿ, ಮಸಾಲೆಗೆ ಅದು ಸಿಗುವುದಿಲ್ಲ. ಆದ್ದರಿಂದ ಚಳಿಗಾಲದಲ್ಲಿ ಇಡ್ಲಿ ಗಟ್ಟಿ ಎಂದು ದೂರು ಬಂದರೆ ಭಟ್ಟರನ್ನು ಬಯ್ಯುವ ಮೊದಲು ಹಿಂದಿನ ರಾತ್ರಿಯ ಮೆನು ನೋಡಬೇಕು. ಉಪ್ಪಿಟ್ಟಿಗೆ 9 ಕೆ.ಜಿ. ರವೆ, ಅದರ ಎರಡೂವರೆಯಿಂದ ಮೂರು ಪಟ್ಟು ನೀರು. ದೊಡ್ಡ ಪಾತ್ರೆಯಲ್ಲಿ ಒಬ್ಬರೇ ರವೆ ಸುರಿದು ಒಬ್ಬರೇ ತಿರುವಿದರೆ ಗಂಟು ಖಂಡಿತ. ಸುರಿಯಲು ಒಬ್ಬರು, ತಿರುವಲು ಒಬ್ಬರು ಬೇಕು.

ರೊಟ್ಟಿಯದು ಬೇರೆಯೇ ಲೆಕ್ಕ. ಕಿಲೋ ಜೋಳದ ಹಿಟ್ಟಿಗೆ 16ರಿಂದ 18 ರೊಟ್ಟಿ. ತಲೆಗೆ ಎರಡರಂತೆ 240 ಬೇಕಾದರೆ 14 ಕೆ.ಜಿ. ಹಿಟ್ಟು. ಕೈ ಪಳಗಿದ ಅಕ್ಕನವರು ಗಂಟೆಗೆ ನಲವತ್ತು, ಐವತ್ತು ಬಡಿಯಬಲ್ಲರು. ಇಬ್ಬರಿದ್ದರೆ ಸುಮಾರು ಎರಡೂವರೆಯಿಂದ ಮೂರು ಗಂಟೆ ಬೇಕು. ಸಂಜೆ ಐದಕ್ಕೆ ತವೆ ಇಡದಿದ್ದರೆ ಎಂಟರ ಊಟಕ್ಕೆ ರೊಟ್ಟಿ ಸಾಲದು, ಐದಕ್ಕೆ ಇಟ್ಟರೆ ಕೊನೆಗೆ ಬಂದವರಿಗೆ ಆರಿದ್ದು. ಧಾರವಾಡ, ಕಲಬುರಗಿ, ವಿಜಯಪುರ ಕಡೆ ಇದಕ್ಕೆ ಕಂಡುಕೊಂಡ ದಾರಿ ಖಡಕ್ ರೊಟ್ಟಿ: ಮಹಿಳಾ ಸಂಘಗಳಿಂದ ಲೆಕ್ಕದ ಮೇಲೆ ತರಿಸಿ, ತೇವ ತಾಗದಂತೆ ಇಟ್ಟು, ತಡವಾಗಿ ಬಂದವರಿಗೆ ಅದೇ. ಶೇಂಗಾ ಚಟ್ನಿ ಪುಡಿ, ಮೊಸರು ಜೊತೆಗಿದ್ದರೆ ಯಾರೂ ತಕರಾರು ಮಾಡುವುದಿಲ್ಲ. ಮೈಸೂರು ಕಡೆ ಈ ಜಾಗದಲ್ಲಿ ರಾಗಿಮುದ್ದೆ. ಕಿಲೋ ಹಿಟ್ಟಿಗೆ ಒಂಬತ್ತೋ ಹತ್ತೋ ಮುದ್ದೆ, ಬಸ್ಸಾರು ಇದ್ದ ದಿನ ಹಾಜರಿ ಪೂರ್ತಿ. ಕೊಣಾಜೆಯಂಥ ಕರಾವಳಿಯ ಕ್ಯಾಂಪಸ್ಸಿನಲ್ಲಿ ಕುಚ್ಚಲಕ್ಕಿ ಬೇಕೆನ್ನುವವರು ಒಂದು ಕಡೆ, ಬೆಳ್ತಿಗೆ (ಬಿಳಿ ಅಕ್ಕಿ) ಬೇಕೆನ್ನುವ ಘಟ್ಟದ ಮೇಲಿನವರು ಇನ್ನೊಂದು ಕಡೆ. ಕುಚ್ಚಲಕ್ಕಿ ಬೇಯಲು ಹೆಚ್ಚು ಹೊತ್ತು, ಹೆಚ್ಚು ಗ್ಯಾಸು. ಎರಡೂ ಮಾಡುವ ಮೆಸ್ ದರದಲ್ಲಿ ಒಂದೆರಡು ರೂಪಾಯಿ ಮೇಲಿದ್ದರೆ ಅದು ಕಳ್ಳತನವಲ್ಲ.

ಖರೀದಿಗೆ ಹೋಗುವ ಜೋಡಿಯಲ್ಲಿ ಇಬ್ಬರೂ ಒಂದೇ ಕೋಣೆಯವರಾಗಿರಬಾರದು, ಆದಷ್ಟು ಬೇರೆ ಬೇರೆ ವಿಭಾಗದವರಾಗಿರಬೇಕು. ಎಣ್ಣೆ ಡಬ್ಬದ ಮೇಲೆ 15 ಕೆ.ಜಿ. ಎಂದಿದೆಯೋ 15 ಲೀಟರ್ ಎಂದಿದೆಯೋ ನೋಡಬೇಕು. ಲೀಟರ್ ಆದರೆ ಒಳಗಿರುವುದು ಸುಮಾರು 13.65 ಕೆ.ಜಿ. ಮಾತ್ರ. ದರ ಹೋಲಿಸುವಾಗ ಹೊಸ ಕಮಿಟಿಗಳು ಜಾರುವುದು ಇಲ್ಲೇ. ಗ್ಯಾಸು 19 ಕೆ.ಜಿ.ಯ ವಾಣಿಜ್ಯ ಸಿಲಿಂಡರೇ ಆಗಿರಬೇಕು. ಮನೆಬಳಕೆಯ 14.2 ಕೆ.ಜಿ.ಯ ಕೆಂಪು ಸಿಲಿಂಡರ್ ಮೆಸ್ಸಿನ ಹಿತ್ತಲಲ್ಲಿ ಕಂಡರೆ ಅದು ಕಾನೂನು ಮೀರಿದ ಉಳಿತಾಯ. ಸ್ಟೋರ್ ದಿನಕ್ಕೆ ಎರಡೇ ಸಲ ತೆರೆಯಬೇಕು, ಕೊಟ್ಟದ್ದನ್ನು ತೂಗಿ ಬರೆಯಬೇಕು. ‘ಅಣ್ಣ, ಸ್ವಲ್ಪ ಸಕ್ಕರೆ ಕಮ್ಮಿ ಆಯ್ತು’ ಎಂದು ನಡುವೆ ಮೂರು ಸಲ ಬೀಗ ತೆಗೆಸುವ ಅಡುಗೆಮನೆಯಲ್ಲಿ ಪುಸ್ತಕಕ್ಕೂ ಡಬ್ಬಕ್ಕೂ ತಾಳೆ ಬೀಳುವುದಿಲ್ಲ.

ಇಷ್ಟೆಲ್ಲ ರಗಳೆ ಯಾಕೆ, ಗುತ್ತಿಗೆಗೆ ಕೊಟ್ಟುಬಿಡಬಾರದೇ ಎಂದು ಕೇಳುವವರಿದ್ದಾರೆ. ಕೊಟ್ಟ ಕಡೆ ಓದುವ ಸಮಯ ಉಳಿದಿದೆ, ನಿಜ. ಜೊತೆಗೆ ಹಾಸ್ಟೆಲಿನವರು ಒಂದೇ ಹೊತ್ತಿಗೆ ಒಂದೇ ಕಡೆ ಕೂಡುವ ಕಾರಣಗಳೂ ಒಂದೊಂದಾಗಿ ಕಳಚಿವೆ. ಡಿವೈಡಿಂಗ್ ಮೆಸ್ಸಿನಲ್ಲಿ ತಿಂಗಳಿಗೊಮ್ಮೆ ಲೆಕ್ಕದ ಸಭೆ ಆಗಲೇಬೇಕು. ರಸಾಯನಶಾಸ್ತ್ರದವರು, ಕನ್ನಡ ಎಂ.ಎ.ಯವರು, ಲೈಬ್ರರಿ ಸೈನ್ಸಿನವರು ಟೊಮೆಟೊ ಬೆಲೆಯ ಮೇಲೆ ಜಗಳವಾಡಿಯಾದರೂ ಒಬ್ಬರ ಹೆಸರು ಒಬ್ಬರು ತಿಳಿಯುತ್ತಾರೆ.

ಇದಕ್ಕೊಂದು ಹಿನ್ನೆಲೆಯೂ ಇದೆ. ನಮ್ಮಲ್ಲಿ ಬಡ ಹುಡುಗರು ಒಂದು ಕಾಲಕ್ಕೆ ಓದಿದ್ದು ವಾರಾನ್ನದ ಮೇಲೆ, ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು. ಆಮೇಲೆ ಮಠಗಳ ಪ್ರಸಾದನಿಲಯಗಳು, ಜಾತಿವಾರು ಸಂಘಗಳ ಹಾಸ್ಟೆಲುಗಳು ಬಂದವು. ಅವುಗಳಿಂದ ಓದಿ ಮೇಲೆ ಬಂದವರ ಸಂಖ್ಯೆ ದೊಡ್ಡದು. ತುಮಕೂರಿನ ಸಿದ್ಧಗಂಗೆಯ ದಾಸೋಹ ಇಂದಿಗೂ ಸಾವಿರಾರು ಮಕ್ಕಳಿಗೆ ಉಣಿಸುತ್ತಿದೆ. ಆದರೆ ಯಾವ ಜಾತಿಯವರು ಎಂದು ಕೇಳದೆ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು, ಒಂದೇ ಲೆಕ್ಕದಲ್ಲಿ ಪಾಲುದಾರರಾಗುವುದು ಎಷ್ಟೋ ಮಂದಿಗೆ ಮೊದಲು ಸಿಗುವುದು ವಿಶ್ವವಿದ್ಯಾನಿಲಯದ ಹಾಸ್ಟೆಲಿನಲ್ಲೇ.

ಅದು ತಾನಾಗಿ ಆಗುವುದಿಲ್ಲ ಎಂಬುದಕ್ಕೆ ಕೋಳಿಸಾರಿನ ದಿನವೇ ಸಾಕ್ಷಿ. ಸರಿಯಾದ ಪದ್ಧತಿ ಇಷ್ಟು: ಮಾಂಸದ ಖರ್ಚು ಸಾಮಾನ್ಯ ಲೆಕ್ಕಕ್ಕೆ ಸೇರಬಾರದು, ಟೋಕನ್ ತೆಗೆದುಕೊಂಡವರಿಗೆ ಮಾತ್ರ ಬೀಳಬೇಕು. ಸಸ್ಯಾಹಾರಿಗಳಿಗೆ ಅದೇ ದಿನ ಪನೀರೋ ಸಿಹಿಯೋ, ಅದೂ ಬೇರೆ ಟೋಕನ್. ಪಾತ್ರೆ, ಸೌಟು ಬೇರೆ. ಕೂರುವ ಸಾಲು ಮಾತ್ರ ಬೇರೆ ಆಗಬಾರದು. ಸಾಲು ಬೇರೆ ಮಾಡಿದ ಹಾಸ್ಟೆಲಿನಲ್ಲಿ ವರ್ಷ ತುಂಬುವುದರೊಳಗೆ ಗುಂಪುಗಳೂ ಅದೇ ಗೆರೆಯಲ್ಲಿ ಒಡೆದಿರುತ್ತವೆ.

ಹಬ್ಬಗಳಲ್ಲಿ ದೊಡ್ಡದು ಗಣಪತಿ. ಸೆಮಿಸ್ಟರ್ ಶುರುವಾಗಿ ಹೆಚ್ಚು ದಿನ ಆಗಿರುವುದಿಲ್ಲ, ಹೊಸಬರು ಬಂದಿರುತ್ತಾರೆ. ಮಂಟಪ ಕಟ್ಟುವ ಎರಡು ರಾತ್ರಿಗಳಲ್ಲಿ ಆಗುವ ಪರಿಚಯ ಯಾವ ಓರಿಯೆಂಟೇಶನ್ನಿನಲ್ಲೂ ಆಗುವುದಿಲ್ಲ. ಹಣದ ವಿಷಯದಲ್ಲಿ ಒಂದೇ ಸೂತ್ರ: ಆ ದಿನದ ಸಿಹಿ ಮೆಸ್ಸಿನಿಂದ, ಮೂರ್ತಿ, ಮಂಟಪ, ಮೈಕು ಚಂದಾದಿಂದ. ಚಂದಾವನ್ನು ಮೆಸ್ ಬಿಲ್ಲಿಗೆ ಸೇರಿಸಿದ ದಿನ ಜಗಳ ಶುರು, ಅದು ನ್ಯಾಯವಾದ ಜಗಳ. ಕೊಡಲು ಮನಸ್ಸಿಲ್ಲದವರನ್ನು ಹಿಡಿದು ವಸೂಲಿ ಮಾಡಿದ ಹಾಗಾಗುತ್ತದೆ. ಮಣ್ಣಿನ ಮೂರ್ತಿ, ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದ್, ಇವೆರಡಕ್ಕೆ ಒಪ್ಪಿದರೆ ಅನುಮತಿ ಸಲೀಸು.

ರಂಜಾನಿನ ತಿಂಗಳು ಕಮಿಟಿಯ ನಿಜವಾದ ಪರೀಕ್ಷೆ. ಉಪವಾಸದವರಿಗೆ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಬೇಡ. ಬೇಕಾದ್ದು ನಸುಕಿನ ಸಹರಿ. ಆ ಹೊತ್ತಿಗೆ ಅಡುಗೆಯವರನ್ನು ಎಬ್ಬಿಸುವ ಹಾಗಿಲ್ಲ. ರಾತ್ರಿಯೇ ಹಾಟ್‌ಬಾಕ್ಸಿನಲ್ಲಿ ಚಪಾತಿ, ಪಲ್ಯ ತುಂಬಿಟ್ಟು, ಮೊಟ್ಟೆ, ಬಾಳೆಹಣ್ಣು ಬೇರೆ ಕೊಟ್ಟು, ದರ ಪೂರ್ತಿ ದಿನದ್ದೇ ಹಾಕುವುದು ಒಂದು ದಾರಿ. ಕಡಿಮೆ ಕೊಟ್ಟು ಅರ್ಧ ದಿನದ ದರ ಹಾಕುವುದು ಇನ್ನೊಂದು. ಅನ್ನ ಮಾತ್ರ ರಾತ್ರಿಯಿಡೀ ಇಡಬಾರದು, ಸೆಖೆಗೆ ಹಳಸುತ್ತದೆ. ತಿಂಗಳ ಮೊದಲೇ ಪಟ್ಟಿ ಮಾಡದೆ ಎರಡನೇ ದಿನ ಓಡಾಡುವ ಕಮಿಟಿಗಳೇ ಜಾಸ್ತಿ.

ಸಂಕ್ರಾಂತಿಗೆ ದಕ್ಷಿಣದಲ್ಲಿ ಎಳ್ಳು ಬೆಲ್ಲ, ಉತ್ತರದಲ್ಲಿ ಸಜ್ಜೆ ರೊಟ್ಟಿ, ಮಾದಲಿ. ಯುಗಾದಿ, ದೀಪಾವಳಿಗೆ ಹಾಸ್ಟೆಲ್ ಬರಿದಾಗುತ್ತದೆ. ಉಳಿದ ಹತ್ತಿಪ್ಪತ್ತು ಮಂದಿಗೆ ಹೋಳಿಗೆ ಮಾಡಿಸುವ ಕಮಿಟಿ ಒಳ್ಳೆಯ ಕಮಿಟಿ. ಮೈಸೂರಿನಲ್ಲಿ ದಸರೆಗೆ ಉಲ್ಟಾ ತೊಂದರೆ, ಪ್ರತಿ ಕೋಣೆಗೂ ಊರಿಂದ ನೆಂಟರು. ಆ ವಾರ ಕೂಪನ್ನಿಗೆ ಮಿತಿ ಹಾಕದಿದ್ದರೆ ಅನ್ನ ಮುಗಿದ ಮೇಲೆ ಬರುವವರು ಹಾಸ್ಟೆಲಿನವರೇ. ಆಯುಧಪೂಜೆ ಮಾತ್ರ ಅಡುಗೆಯವರದು. ತವೆ, ಗ್ರೈಂಡರು, ಬಾಯ್ಲರಿಗೆ ಕುಂಕುಮ ಬೀಳುತ್ತದೆ. ಆ ದಿನ ಅವರಿಗೆ ಬಟ್ಟೆಯೋ ಬೋನಸ್ಸೋ ಕೊಡುವ ಪದ್ಧತಿ ಇದೆಯೇ ಎಂದು ವಿಚಾರಿಸಿ. ಅಡುಗೆಯವರು ವರ್ಷಾನುಗಟ್ಟಲೆ ಉಳಿದ ಮೆಸ್ಸಿನ ರುಚಿಯೇ ಬೇರೆ, ವರ್ಷಕ್ಕೆ ಮೂವರು ಬದಲಾದ ಮೆಸ್ಸಿನದೇ ಬೇರೆ.

ಹಾಸ್ಟೆಲ್ ಡೇ ಎರಡನೇ ಸೆಮಿಸ್ಟರಿನಲ್ಲಿ, ಪರೀಕ್ಷೆಗೆ ಮುಂಚೆ. ವಾಲಿಬಾಲ್, ಹಗ್ಗಜಗ್ಗಾಟ, ಕೇರಂ, ಕೊನೆಯ ದಿನ ಹೋಳಿಗೆ ಊಟ, ಸಂಜೆ ವೇದಿಕೆ. ಭಾಷಣ ಎರಡಕ್ಕಿಂತ ಹೆಚ್ಚಿದ್ದರೆ ಹಾಡುಗಾರರ ಸರದಿ ಬರುವಷ್ಟರಲ್ಲಿ ಹತ್ತು ಗಂಟೆ. ಎಲ್ಲರೂ ಕಾಯುವುದು ಫಿಶ್ ಪಾಂಡಿಗೆ: ಹೆಸರಿಲ್ಲದ ಚೀಟಿಗಳಲ್ಲಿ ಒಬ್ಬರ ಮೇಲೊಬ್ಬರು ಬರೆದ ತಮಾಷೆ, ಬಿರುದುಗಳನ್ನು ಡಬ್ಬದಿಂದ ತೆಗೆದು ಮೈಕಿನಲ್ಲಿ ಓದುವುದು. ವಾರ್ಡನ್ ಮೇಲೂ ಬೀಳುತ್ತದೆ, ಭಟ್ಟರ ಸಾಂಬಾರಿನ ಮೇಲೂ ಬೀಳುತ್ತದೆ. ಚೆನ್ನಾಗಿ ಆದರೆ ಇಡೀ ವರ್ಷದ ಮುನಿಸು ನಗುವಿನಲ್ಲಿ ಹೋಗುತ್ತದೆ. ಕೆಟ್ಟರೆ ಮೈಬಣ್ಣ, ಜಾತಿ, ಯಾರ ಜೊತೆ ಯಾರು ಓಡಾಡುತ್ತಾರೆ ಎಂಬ ಚೀಟಿಗಳು ಬಂದು, ನೊಂದವರು ಮರುದಿನದಿಂದ ಮೆಸ್ಸಿಗೇ ಬರುವುದಿಲ್ಲ. ಡಬ್ಬವನ್ನು ಹಿಂದಿನ ರಾತ್ರಿಯೇ ಮುಚ್ಚಿ, ಮೂರು ಜನ, ಅವರಲ್ಲಿ ಒಬ್ಬರಾದರೂ ಸಿಬ್ಬಂದಿ, ಪ್ರತಿ ಚೀಟಿ ಓದಿ ಸೋಸಬೇಕು. ವೇದಿಕೆಯ ಮೇಲೆ ಅಲ್ಲೇ ಚೀಟಿ ಬರೆದು ಕೊಡಲು ಬಿಟ್ಟರೆ ಸೋಸಿದ್ದೂ ವ್ಯರ್ಥ.

ಹೊಸಬರ ಪರಿಚಯ ಎಂಬ ಹೆಸರಲ್ಲಿ ರಾತ್ರಿ ಕೋಣೆಗೆ ಕರೆಸುವುದು, ಹಾಡಿಸುವುದು, ನಿಲ್ಲಿಸುವುದು ಸಂಪ್ರದಾಯವಲ್ಲ, ರ‍್ಯಾಗಿಂಗ್. ಯು.ಜಿ.ಸಿ.ಯ 2009ರ ನಿಯಮಗಳ ಪ್ರಕಾರ ಶಿಕ್ಷೆಗೆ ಗುರಿ. ಸಹಾಯವಾಣಿ 1800-180-5522, ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ. ಪರಿಚಯ ಬೇಕಿದ್ದರೆ ಮೊದಲ ತಿಂಗಳು ಬಡಿಸುವ ಪಾಳಿಯಲ್ಲಿ ಒಬ್ಬ ಸೀನಿಯರ್, ಒಬ್ಬ ಜೂನಿಯರ್ ಹಾಕಿದರೆ ಸಾಕು.

ಹುಡುಗಿಯರ ಹಾಸ್ಟೆಲುಗಳ ಲೆಕ್ಕಪುಸ್ತಕ ಸಾಮಾನ್ಯವಾಗಿ ಹೆಚ್ಚು ಚೊಕ್ಕ, ದರ ಕಡಿಮೆ. ಕಾಯಂ ಗೆಸ್ಟುಗಳ ಕಾಟ ಇಲ್ಲ. ಆದರೆ ಸಂಜೆಯ ಗೇಟು, ಸಹಿ ಪುಸ್ತಕ, ಮನೆಯವರ ಪತ್ರ ಇವುಗಳಿಂದಾಗಿ ಮಾರುಕಟ್ಟೆಗೆ ಹೋಗುವ ಜೋಡಿಗೂ ಪ್ರತಿ ಸಲ ಅನುಮತಿ ಬೇಕು. ಖರೀದಿ ಹಾಗಾಗಿ ಕ್ಯಾಂಪಸ್ಸಿಗೇ ತಂದುಕೊಡುವ ಒಬ್ಬನೇ ವ್ಯಾಪಾರಿಗೆ ಕಟ್ಟುಬೀಳುತ್ತದೆ, ಅವನು ಹೇಳಿದ್ದೇ ಬೆಲೆ. ಮೆಸ್ ಕಮಿಟಿಗೆ ಕಾಯಂ ಪಾಸ್ ಕೊಡುವುದು ವಾರ್ಡನ್ ಕೈಯಲ್ಲೇ ಇದೆ. ಹುಡುಗರ ಹಾಸ್ಟೆಲಿನಲ್ಲಿ ಗೇಟು, ಸಹಿಯ ಅದೇ ನಿಯಮ ಕಾಗದದಲ್ಲಿದ್ದರೂ ಯಾರೂ ಕೇಳುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿರುವ ತಾರತಮ್ಯ.

ಕೋಣೆ, ನೀರಿನ ಬಗ್ಗೆ ಹೆಚ್ಚೇನಿಲ್ಲ. ಸೋಲಾರ್ ಬಿಸಿನೀರು ಬೇಗ ಎದ್ದವರಿಗೆ, ಮೋಡ ಕವಿದ ವಾರ ಯಾರಿಗೂ ಇಲ್ಲ. ಓದುವ ಕೋಣೆ ರಾತ್ರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಕೇಳಿಕೊಳ್ಳಿ.

ಸೇರುವ ಮೊದಲು ಒಮ್ಮೆ ರಾತ್ರಿ ಊಟದ ಹೊತ್ತಿಗೆ ಹೋಗಿ ಗೆಸ್ಟ್ ಕೂಪನ್ ಕೊಂಡು ಉಣ್ಣಿ, ಊಟದ ಹೊತ್ತು ಮುಗಿಯಲು ಕಾಲು ಗಂಟೆ ಇರುವಾಗ. ಆಗ ಸಿಗುವುದೇ ನಿಮಗೆ ಮುಂದೆ ಲ್ಯಾಬ್ ಮುಗಿಸಿ ಬಂದಾಗ ಸಿಗುವ ಊಟ. ನೋಟಿಸ್ ಬೋರ್ಡಿನಲ್ಲಿ ಹಿಂದಿನ ಮೂರು ತಿಂಗಳ ದರ, ಉಳಿದ ಸ್ಟಾಕು, ಬಾಕಿದಾರರ ಪಟ್ಟಿ ಇದೆಯೇ ನೋಡಿ. ಬಾಕಿ ಮಿತಿಮೀರಿದ್ದರೆ ಅಂಗಡಿಯವನು ಉದ್ರಿ ನಿಲ್ಲಿಸುತ್ತಾನೆ, ಆ ವಾರ ಎರಡೂ ಹೊತ್ತು ಚಿತ್ರಾನ್ನ. ಸೇರುವಾಗ ಕಟ್ಟಿದ ಠೇವಣಿಯ ರಸೀದಿ ಜೋಪಾನ. ಕೋರ್ಸು ಮುಗಿದಾಗ ಮೆಸ್, ಗ್ರಂಥಾಲಯ, ಕೋಣೆ ಮೂರರಿಂದಲೂ ಬಾಕಿ ಇಲ್ಲ ಎಂಬ ಸಹಿ ಬೇಕು, ಮೆಸ್ಸಿನ ಕೊನೆಯ ತಿಂಗಳ ಬಿಲ್ ತಯಾರಾಗುವುದು ಮರು ತಿಂಗಳು. ಅಂಕಪಟ್ಟಿಗೆ ಅವಸರವಿದ್ದವರು ಆ ತಿಂಗಳ ಅಂದಾಜು ಹಣ ಮುಂಗಡ ಕಟ್ಟಿ ಸಹಿ ಪಡೆಯಬಹುದೇ ಎಂದು ಕಚೇರಿಯಲ್ಲಿ ಮೊದಲೇ ಕೇಳಿಕೊಂಡರೆ ಒಂದು ಓಡಾಟ ತಪ್ಪುತ್ತದೆ.